ಕೊನೇ ಮನೆಯ ಪ್ರೆಶರ್

ನಮ್ಮ ಕಟ್ಟಡದ ಒಂದನೇ ಮಹಡಿಯ ಹಿರಿಯರಿಗೆ ತಂದೆತಾಯಿ ಇಟ್ಟ ಹೆಸರೊಂದು ಇರಲೇಬೇಕು. ಕರೆಂಟು ಬಿಲ್ಲಿನ ಮೇಲೆ ಅದು ಅಚ್ಚಾಗಿದ್ದೀತು. ಆದರೆ ಬೀದಿಗೆಲ್ಲ ಅವರು ವಾಲ್ವ್ ಮಾವ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿಯಿಂದ ಬೀದಿಗೆ ಹೋಗುವುದು, ಮೂಲೆಯ ಗುಂಡಿಯ ಮುಚ್ಚಳ ಎತ್ತುವುದು, ಕೀಲಿ ಇಳಿಸಿ ವಾಲ್ವ್ ತಿರುಗಿಸುವುದು, ಇದು ಅವರ ಕೆಲಸ. ಒಂದು ಬೀದಿಗೆ ಮೂರು ಸುತ್ತು, ಇನ್ನೊಂದಕ್ಕೆ ನಾಲ್ಕೂವರೆ. ಲೆಕ್ಕವೆಲ್ಲ ಮಣಿಕಟ್ಟಿನಲ್ಲೇ ಇತ್ತು. ಅವರ ಸೈಕಲ್ಲಿನ ಸದ್ದು ಕೇಳಿದರೆ ಮನೆಮನೆಯಲ್ಲಿ ಕೊಡಗಳು ಎದ್ದು ಕೂರುತ್ತಿದ್ದವು.

ಅವರು ನಿವೃತ್ತರಾದ ವರ್ಷವೇ ಕಚೇರಿಯವರು ಎಲ್ಲ ಗುಂಡಿಗಳಿಗೂ ತಾನಾಗಿಯೇ ತಿರುಗುವ ವಾಲ್ವ್ ಹಾಕಿಸಿದರು. ಅಲ್ಲಿಂದ ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು. ಜನ ಕೊಡಗಳನ್ನು ಅಟ್ಟಕ್ಕೆ ಹಾಕಿದರು. ಮಾವ ಮಾತ್ರ ನಂಬಲಿಲ್ಲ. ಅವರ ಮನೆಯಲ್ಲಿ ಹಾಲ್‌ಗೂ ಹಿಂದಿನ ಕೋಣೆಗೂ ನಡುವಿನ ಓಣಿಯಂಥ ಜಾಗದಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಇನ್ನೂರು ಲೀಟರಿನ ಮೂರು ನೀಲಿ ಡ್ರಮ್ಮುಗಳಿದ್ದವು. ಬೆಳಗಿನ ಪಾತ್ರೆ, ಬಟ್ಟೆಗಳಿಗೆ ಅವು ಮುಕ್ಕಾಲು ಖಾಲಿಯಾಗುವವು. ಮಧ್ಯಾಹ್ನ ಮೂರಕ್ಕೆ ಮಾವ ರಬ್ಬರ್ ಪೈಪು ಹಚ್ಚಿ, ಮೂರೂವರೆಯೊಳಗೆ ಮೂರನ್ನೂ ಅಂಚಿನ ತನಕ ತುಂಬಿಸುವರು. ಬೆರಳದ್ದಿ ನೋಡಿ ಖಾತ್ರಿಯಾದ ಮೇಲೆಯೇ ಅವರಿಗೆ ಚಹಾ ಒಳಗಿಳಿಯುತ್ತಿದ್ದದ್ದು.

ಆ ಮನೆಗೆ ರೂಟರ್ ಬಂದದ್ದು ಸೊಸೆಗಾಗಿ. ಮದುವೆಯಾಗಿ ಆರು ವರ್ಷ ಮನೆಯಲ್ಲೇ ಇದ್ದ ಆಕೆಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ದಿನಾ ನಾಲ್ಕರಿಂದ ಐದೂವರೆವರೆಗೆ ಕಂಪ್ಯೂಟರ್ ಮುಂದೆ ಕೂತು ಮಕ್ಕಳಿಗೆ ಗಣಿತ ಹೇಳಿಕೊಡಬೇಕು. ಮೊದಲ ಮೂರು ತಿಂಗಳು ಅವಳ ಕೆಲಸ ಪರೀಕ್ಷಿಸುವ ಅವಧಿ. ಅಷ್ಟರಲ್ಲಿ ಮೂರು ಸಲ ಪಾಠ ಅರ್ಧಕ್ಕೆ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಮೊದಲೇ ಬರೆದು ಕೊಟ್ಟಿದ್ದರು. ಆಕೆ ತಾನೇ ಹೋಗಿ ಹಸಿರು ಬೋರ್ಡೊಂದನ್ನು ತಂದು ಹಿಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದಳು. ಹಾಲ್‌ನಲ್ಲಿ ಕೂರುವ ಹಾಗಿರಲಿಲ್ಲ. ಕಿಟಕಿಯ ಕೆಳಗೇ ಟೈಲರ್ ಅಂಗಡಿಯ ಮಿಷನ್ನು. ಸೋಫಾದ ಮೇಲೆ, ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮಾಡಿ ಬಂದ ಗಂಡನ ಗೊರಕೆ.

ರೂಟರ್ ಹಾಕಲು ಬಂದವನು ವೈರು ಎಳೆದು ಅದನ್ನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟ. ಮಾವ ಬೆನ್ನ ಹಿಂದೆ ಕೈಕಟ್ಟಿಕೊಂಡು ನಿಂತಿದ್ದರು.

"ಮೇನ್ ಲೈನು ಎಲ್ಲಿಂದ ಬರುತ್ತಪ್ಪ?"

"ಕಂಬದಿಂದ ಸಾರ್."

"ಈ ಬೀದೀಲಿ ಎಷ್ಟು ಮನೆಗೆ ಕೊಟ್ಟಿದ್ದೀರಿ?"

"ಹದಿನೆಂಟು."

"ಅದರಲ್ಲಿ ನಾವು?"

"ಕೊನೇದು ಸಾರ್."

ಮಾವ ಸೊಸೆಯ ಮುಖ ನೋಡಿದರು. ಕೊನೇ ಮನೆ ಎಂದರೇನು ಎನ್ನುವುದು ಅವರಿಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಅವರು ಬೈಸಿಕೊಂಡದ್ದೆಲ್ಲ ಕೊನೇ ಮನೆಯವರಿಂದಲೇ.

ಎರಡನೆಯ ವಾರ ಭಿನ್ನರಾಶಿಯ ಪಾಠದ ನಡುವೆ ಸೊಸೆಯ ಮುಖ ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಹೋಯಿತು. ಇಪ್ಪತ್ತೇಳು ಮಕ್ಕಳು ಹನ್ನೊಂದು ನಿಮಿಷ ಅದನ್ನು ನೋಡಿದರು. ಮೊದಲನೆಯ ಸಲ ಎಂದು ಶಾಲೆಯಿಂದ ಚೀಟಿ ಬಂತು.

"ಮುಂದಿನ ಕೋಣೆಯವರು ಎಳೆದುಕೊಂಡರೆ ಹಿಂದಿನ ಕೋಣೆಗೆ ಪ್ರೆಶರ್ ಎಲ್ಲಿಂದ ಬರಬೇಕು?" ಎಂದರು ಮಾವ. ಮರುದಿನ ಹಾಲ್‌ನಲ್ಲಿ ಒಂದು ಸ್ಲೇಟು ನೇತಾಡಿತು. ಆರರಿಂದ ಏಳು, ಅಡುಗೆಮನೆ. ಏಳರಿಂದ ಎಂಟು, ಹಾಲ್. ನಾಲ್ಕರಿಂದ ಐದೂವರೆ, ಹಿಂದಿನ ಕೋಣೆ ಮಾತ್ರ. ಸರದಿ ಇಲ್ಲದವರು ಫೋನು ಮುಚ್ಚಿಡಬೇಕು.

ಮಗ ಸೋಫಾದಿಂದ ತಲೆ ಎತ್ತಿದ. "ಅಪ್ಪಾ, ಇದು ನೀರಲ್ಲ."

"ಒಂದೊಂದು ಹೊತ್ತಿಗೆ ಕಮ್ಮಿ ಬರುತ್ತಾ?"

"ಬರುತ್ತೆ."

"ಪಕ್ಕದವರು ಕದೀತಾರಾ?"

"ಕದೀಬಹುದು."

"ತಿಂಗಳಿಗೆ ಬಿಲ್ಲು ಬರುತ್ತಾ?"

"ಬರುತ್ತೆ."

"ಮತ್ತೆ ನೀರಿಗೇನು ಕೋಡು ಇರುತ್ತೇನೋ? ಮಲಕ್ಕೋ ಹೋಗು."

ವಾಲ್ವ್ ಮಾವನ ತೊಂದರೆಯೆಂದರೆ ಅವರು ಹೇಳಿದ್ದು ಸರಿಯಾಗಿಬಿಡುತ್ತಿತ್ತು. ಅತ್ತೆ ಟೀವಿಗೆ ನೆಟ್ ಹಚ್ಚಿ ನೋಡುತ್ತಿದ್ದ ಧಾರಾವಾಹಿ ನಿಲ್ಲಿಸಿದ ತಕ್ಷಣ ಮಗನ ಫೋನಿನಲ್ಲಿ ಸಿನಿಮಾ ಓಡತೊಡಗಿತು. ಮಾವ ಹೆಂಡತಿಯ ಕಡೆ ನೋಡಿದರು. "ನನ್ನನ್ನೇನು ನೋಡ್ತೀರಿ, ನಾನೇನು ಡ್ಯಾಮಾ?" ಎಂದರು ಅತ್ತೆ.

ಕಂಪನಿಯ ಗ್ರಾಹಕ ಸೇವೆಗೆ ಮಾವನೇ ಫೋನು ಮಾಡಿದರು. ಆ ಕಡೆ ಒಬ್ಬಳು ಹುಡುಗಿ. ಸ್ಪೀಕರ್ ಹಾಕಿದ್ದರಿಂದ ಎರಡನೇ ಮಹಡಿಯ ನನಗೂ ಕೇಳಿಸಿತು.

"ನನಗೆ ಹೆಚ್ಚೇನೂ ಬೇಡಮ್ಮ. ನಮ್ಮ ಬೀದಿಗೆ ಎಷ್ಟು ಗಂಟೆಗೆ ಬಿಡ್ತೀರಿ, ಅಷ್ಟು ಹೇಳಿ."

"ಸರ್, ನಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆ ಇರುತ್ತೆ."

"ಇಪ್ಪತ್ತನಾಲ್ಕು ಗಂಟೆ ಬಿಡೋರು ಯಾರೂ ಇಲ್ಲ ತಾಯಿ. ನಾನೂ ಜನಕ್ಕೆ ಅದನ್ನೇ ಹೇಳ್ತಿದ್ದೆ. ಮನಸ್ಸು ಬಿಚ್ಚಿ ಹೇಳು, ಯಾರಿಗೂ ಹೇಳಲ್ಲ."

"ಸರ್, ಒಂದು ಸಲ ಆಫ್ ಮಾಡಿ, ಹತ್ತು ಎಣಿಸಿ ಆನ್ ಮಾಡಿ."

ಮಾವನ ಮುಖ ಅರಳಿತು. "ಲೈನಿಗೆ ಗಾಳಿ ಹೊಕ್ಕಿದೆ ಅನ್ನು. ನಾವೂ ಹೀಗೇ, ಮುಚ್ಚಿ ಮತ್ತೆ ಬಿಡ್ತಿದ್ವಿ." ರೂಟರನ್ನು ಮುಚ್ಚಿ, ಹತ್ತು ಎಣಿಸಿ, ಮತ್ತೆ ಬಿಟ್ಟರು. ದೀಪಗಳೆಲ್ಲ ಹತ್ತಿಕೊಂಡವು.

"ಸರ್, ರೂಟರಿಗೂ ಕೋಣೆಗೂ ಮಧ್ಯೆ ದಪ್ಪ ಗೋಡೆ, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಏನಾದರೂ ಇದೆಯಾ?"

"ಇಲ್ಲಮ್ಮ. ನಾವು ಮೀನು ಸಾಕಲ್ಲ."

ಇನ್ನು ಉಳಿದದ್ದು ಸೋರಿಕೆ. ಫೋನಿನ ಮೇಲಿನ ಗೆರೆಗಳೇ ಪ್ರೆಶರ್ ತೋರಿಸುವ ಗಡಿಯಾರ ಎಂದುಕೊಂಡು ಮಾವ ಅದನ್ನು ಮುಂದೆ ಹಿಡಿದು ಮೆಟ್ಟಿಲಿಳಿದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರು. ಟೈಲರ್ ಅಂಗಡಿಯಲ್ಲಿ ನಾಲ್ಕು ಗೆರೆ. ಎದುರಿನ ಇಸ್ತ್ರಿಯವನ ಗಾಡಿಯ ಹತ್ತಿರ ಮೂರು. ಸಂಜೆಯೊಳಗೆ ನಮ್ಮ ಕಟ್ಟಡದ ಸುತ್ತಮುತ್ತ ಹತ್ತು ಜನ ಅವರ ಮನೆಯ ಲೈನಿನಲ್ಲಿ ಸಿಕ್ಕಿಬಿದ್ದರು. ಅದರಲ್ಲಿ ನಾನೂ ಒಬ್ಬ.

"ಪಾಸ್‌ವರ್ಡ್ ಯಾರು ಕೊಟ್ಟರು?"

"ಅತ್ತೆ ಕೊಟ್ಟರು" ಎಂದ ಟೈಲರ್.

"ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋದು ಹೇಗ್ರೀ" ಎಂದರು ಅತ್ತೆ.

ಬೇರೆ ಯಾರಾದರೂ ಆಗಿದ್ದರೆ ಪಾಸ್‌ವರ್ಡ್ ಬದಲಾಯಿಸುತ್ತಿದ್ದರು. ಮಾವ ತಮ್ಮ ಸೇವಾವಧಿಯಲ್ಲಿ ಒಂದು ಮನೆಯ ನಲ್ಲಿಯನ್ನೂ ಕತ್ತರಿಸಿದವರಲ್ಲ. ಎಲ್ಲರಿಗೂ ಸರದಿ ಬರೆದರು. ಸ್ಲೇಟು ಹಾಲ್‌ನಿಂದ ಮೆಟ್ಟಿಲ ಗೋಡೆಗೆ ಬಂತು. ಮೂರರಿಂದ ನಾಲ್ಕು ಬೀದಿಯವರಿಗೆ. ನಾವು ಹತ್ತು ಜನ ಫೋನು ಹಿಡಿದು ಮೆಟ್ಟಿಲಿಗೊಬ್ಬರಂತೆ ಕೂರುತ್ತಿದ್ದೆವು. ನಾಲ್ಕಕ್ಕೆ ಮಾವ ಬಾಗಿಲಿಗೆ ಬಂದು "ಮುಚ್ಚಿ" ಎನ್ನುವರು. ಒಬ್ಬೊಬ್ಬರ ಫೋನನ್ನೂ ಇಣುಕಿ ನೋಡುವರು. ಆ ದಿನಗಳಲ್ಲಿ ಅವರ ನಡಿಗೆ ಬದಲಾಗಿತ್ತು. ಮೂಲೆಯಲ್ಲಿದ್ದ ಸೈಕಲ್ಲಿಗೆ ಗಾಳಿ ತುಂಬಿಸಿದ್ದನ್ನೂ ನಾನು ನೋಡಿದೆ. ಹೋಗುವುದಕ್ಕೆ ಎಲ್ಲೂ ಇರಲಿಲ್ಲ.

ಆದರೂ ಪಾಠ ಇನ್ನೊಮ್ಮೆ ನಿಂತಿತು. ಆ ಹೊತ್ತಿನಲ್ಲಿ ನಮ್ಮ ಹತ್ತೂ ಜನರ ಫೋನುಗಳು ಮುಚ್ಚಿದ್ದವು. ಅತ್ತೆ ರಿಮೋಟನ್ನು ಅಕ್ಕಿಡಬ್ಬಿಯಲ್ಲಿಟ್ಟು ಕೂತಿದ್ದರು. ಎರಡನೆಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಗುರುವಾರದ ಪಾಠವನ್ನು ಮುಖ್ಯೋಪಾಧ್ಯಾಯಿನಿ ತಾವೇ ಕೂತು ನೋಡುತ್ತಾರೆ.

ಆ ರಾತ್ರಿ ಸೊಸೆ ಊಟ ಮಾಡಲಿಲ್ಲ ಎಂದು ಅತ್ತೆ ನಮ್ಮ ಮನೆಯವಳ ಹತ್ತಿರ ಹೇಳಿದರು. "ಆರು ವರ್ಷ ಆದಮೇಲೆ ಮೊದಲ ಸಲ ಅವಳು ಬೆಳಗ್ಗೆ ಎದ್ದ ಕೂಡಲೇ ತಲೆ ಬಾಚಿಕೊಳ್ತಾಳೆ ಕಣೇ. ಈ ಕೆಲಸ ಹೋದರೆ ಆ ಬೋರ್ಡನ್ನು ನಾನು ಹೇಗೆ ನೋಡಲಿ?"

ಗುರುವಾರ ಮೂರು ಇಪ್ಪತ್ತೈದಕ್ಕೆ ನಾವು ಮೆಟ್ಟಿಲ ಮೇಲಿದ್ದೆವು. ಮಾವ ಆಗಷ್ಟೇ ಪೈಪು ಸುತ್ತಿಡುತ್ತಿದ್ದರು. ಸೊಸೆ ಅವರ ದಾಖಲೆಯ ಪುಸ್ತಕ ಹಿಡಿದು ಓಣಿಯಲ್ಲಿ ನಿಂತಿದ್ದಳು. ಕಚೇರಿಯ ಅಭ್ಯಾಸದಂತೆ ಮಾವ ಹಿಂದಿನ ಕೋಣೆಯ ಗೆರೆಗಳನ್ನು ದಿನಾ ಬರೆದಿಡುತ್ತಿದ್ದರು, ಪಕ್ಕದಲ್ಲೇ ಮನೆಯ ನೀರಿನ ವಿವರವನ್ನೂ.

"ಮಾವ, ಬೆಳಗ್ಗೆ ಹತ್ತಕ್ಕೆ ನಾಲ್ಕು ಗೆರೆ. ಮಧ್ಯಾಹ್ನ ಎರಡಕ್ಕೂ ನಾಲ್ಕು. ಮೂರೂವರೆಗೆ ಒಂದೇ. ದಿನಾ ಹೀಗೇ ಇದೆ."

"ಆ ಹೊತ್ತಿಗೆ ಬೀದಿ ಬಳಕೆ ಜಾಸ್ತಿ ತಾಯಿ."

"ಭಾನುವಾರ ಮೂರೂವರೆಗೆ ನಾಲ್ಕು ಗೆರೆ ಇದೆಯಲ್ಲ. ಅವತ್ತೂ ಬೀದಿಯವರು ಬಂದಿದ್ದರು."

ಮಾವ ಕನ್ನಡಕ ಏರಿಸಿದರು. "ಭಾನುವಾರ ಪೈಪು ಹರಿದಿತ್ತು. ಡ್ರಮ್ಮು ತುಂಬಿಸಿರಲಿಲ್ಲ."

ಇಬ್ಬರೂ ಡ್ರಮ್ಮುಗಳನ್ನು ನೋಡಿದರು. ಮೂರೂ ಅಂಚಿನ ತನಕ ತುಂಬಿ, ರೂಟರಿಗೂ ಕೋಣೆಗೂ ನಡುವೆ ಸಾಲಾಗಿ ನಿಂತಿದ್ದವು.

"ಆ ಹುಡುಗಿ ಮೀನಿನ ತೊಟ್ಟಿ ಇದೆಯಾ ಅಂತ ಕೇಳಿದ್ದಳು" ಎಂದರು ಮಾವ ನಿಧಾನವಾಗಿ. "ಮೀನು ಸಾಕಲ್ಲ ಅಂದೆ."

"ಅವಳಿಗೆ ಮೀನಿನ ಚಿಂತೆ ಇರಲಿಲ್ಲ ಮಾವ. ತೊಟ್ಟೀಲಿರೋ ನೀರಿನ ಚಿಂತೆ. ನೀರು ಸಿಗ್ನಲ್ಲನ್ನು ದಾಟೋಕೆ ಬಿಡಲ್ಲ."

ತುಂಬಿದ ಡ್ರಮ್ಮನ್ನು ಸರಿಸುವುದು ಯಾರಪ್ಪನಿಂದಲೂ ಆಗುವ ಕೆಲಸವಲ್ಲ. ರೂಟರಿನ ವೈರು ಬೇರೆ ಗೋಡೆಗೆ ಬಿಗಿದಿತ್ತು. ಸೊಸೆ ಗಡಿಯಾರ ನೋಡಿದಳು, ಅಷ್ಟೇ.

"ಖಾಲಿ ಮಾಡಿದ ಮೇಲೆ ನಾಳೆ ನಲ್ಲಿ ನಿಂತರೆ?" ಎಂದರು ಮಾವ.

"ಎರಡು ವರ್ಷದಿಂದ ನಿಂತಿಲ್ಲ ಮಾವ."

"ನಿಲ್ಲೋದು ಹಾಗೇ. ಹೇಳಿ ಕೇಳಿ ನಿಲ್ಲಲ್ಲ." ಒಂದು ಗಳಿಗೆ ಬಿಟ್ಟು ಹೇಳಿದರು: "ಚರಂಡಿಗೆ ಸುರಿಯೋದು ನನ್ನ ಕೈಲಿ ಆಗಲ್ಲ. ಬಳಸೋರಿಗೆ ಕೊಡೋಣ."

ಗಣಿತದ ಮೇಡಂ ಲೆಕ್ಕ ಹಾಕಿದಳು. ಆರುನೂರು ಲೀಟರ್, ಬಕೆಟ್ಟಿಗೆ ಹದಿನೈದು, ಒಟ್ಟು ನಲವತ್ತು ಬಕೆಟ್. ಮೆಟ್ಟಿಲ ಮೇಲೆ ಹತ್ತು ಜನ. ತಲಾ ನಾಲ್ಕು.

ಮಾವ ಬಾಗಿಲಿಗೆ ಬಂದರು. "ನೀರು ಒಯ್ದವರಿಗೆ ಮಾತ್ರ ನಾಳೆ ಸರದಿ."

"ನಮ್ಮ ನಲ್ಲೀಲೇ ಬರ್ತಿದೆಯಲ್ಲ ಮಾವ" ಎಂದ ಇಸ್ತ್ರಿಯವನು.

"ಬರಲಿ. ಇದನ್ನೂ ಒಯ್ಯಿ."

ಹಾಗೆ ನಾವು ನೀರಿರುವ ಮನೆಗಳಿಗೆ ನೀರು ಹೊತ್ತೆವು. ನಾನು ಎರಡನೇ ಮಹಡಿಗೆ ಮೂರು ಸಲ ಹತ್ತಿದೆ. ನಮ್ಮ ಮನೆಯವಳು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದವಳು ಏನೂ ಕೇಳದೆ ಬಕೆಟ್ ಇಳಿಸಿಕೊಂಡಳು. ಟೈಲರ್ ಹೊಲಿಯಬೇಕಿದ್ದ ಬಟ್ಟೆಯನ್ನೆಲ್ಲ ನೆನೆಹಾಕಿದ. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಎರಡು ಡ್ರಮ್ಮು ಖಾಲಿಯಾಗಿದ್ದವು. ಮೂರನೆಯದರ ಮೇಲೆ ಮಾವ ಅಂಗೈ ಊರಿ ನಿಂತುಬಿಟ್ಟರು.

"ಇದೊಂದು ಇರಲಿ. ಗೆರೆ ಮೂರಕ್ಕೆ ಬಂದಿದೆ. ಸಾಕು."

ಸೊಸೆ ಒಳಗೆ ಹೋಗಿ ಕೂತಳು. ನಾಲ್ಕಾಯಿತು. ಅರ್ಧ ತೆರೆದ ಬಾಗಿಲಲ್ಲಿ ಪರದೆ ಕಾಣುತ್ತಿತ್ತು. ಮಕ್ಕಳ ನಡುವೆ ದೊಡ್ಡ ಚೌಕಟ್ಟಿನ ಕನ್ನಡಕದ ಮುಖ್ಯೋಪಾಧ್ಯಾಯಿನಿ. ಸೊಸೆ ಮೊದಲ ಲೆಕ್ಕ ಬರೆದಳು. ಮುಖ್ಯೋಪಾಧ್ಯಾಯಿನಿ ಏನೋ ಕೇಳಲು ಬಾಯಿ ತೆರೆದರು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

ಸೊಸೆಯ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತಿತು. ಆಕೆ ಹಿಂತಿರುಗಿ ನೋಡಲಿಲ್ಲ.

ಮಾವ ಟೈಲರಿಗೆ ಕಣ್ಸನ್ನೆ ಮಾಡಿದರು. ಆಮೇಲೆ, ಮೂವತ್ತೊಂದು ವರ್ಷ ತೊಟ್ಟಿಕ್ಕುವ ನಲ್ಲಿ ಕಂಡರೆ ಅಪರಿಚಿತರ ಮನೆಗೂ ನುಗ್ಗಿ ಮುಚ್ಚಿ ಬರುತ್ತಿದ್ದ ಮನುಷ್ಯ, ಡ್ರಮ್ಮಿಗೆ ಹೆಗಲು ಕೊಟ್ಟರು. ಇಬ್ಬರೂ ಸೇರಿ ಅದನ್ನು ಓರೆ ಮಾಡಿ ಮೆಲ್ಲಗೆ ಮಲಗಿಸಿದರು. ಸದ್ದಾಗಬಾರದಲ್ಲ. ಇನ್ನೂರು ಲೀಟರ್ ನೀರು ಕಟ್ಟೆಯಿಂದಿಳಿದು ಹಾಲ್‌ಗೆ ಹರಿಯಿತು. ಸೋಫಾದ ಕೆಳಗಿದ್ದ ಮಗನ ಬೂಟುಗಳು ಎದ್ದು ಬಾಗಿಲ ಕಡೆ ತೇಲಿದವು. ಮಗ ಮಾತ್ರ ಎದ್ದಿರಲಿಲ್ಲ. ಅತ್ತೆ ಸೀರೆ ನೆರಿಗೆ ಎತ್ತಿ ಹಿಡಿದು ರೂಟರಿನ ಪಕ್ಕ ಕಾವಲು ನಿಂತರು. ನೀರು ಹೊಸ್ತಿಲು ದಾಟಿ ಮೆಟ್ಟಿಲಿಳಿಯತೊಡಗಿತು. ನಾವು ಮೇಲಿನಿಂದ ಕೆಳಗೆ, ಒಬ್ಬರಾದ ಮೇಲೊಬ್ಬರು, ಚಪ್ಪಲಿ ಕೈಗೆ ತೆಗೆದುಕೊಂಡು ಎದ್ದು ನಿಂತೆವು.

ಒಳಗಿನಿಂದ ಮುಖ್ಯೋಪಾಧ್ಯಾಯಿನಿಯ ದನಿ ಕೇಳಿಸಿತು. "ಹಾಂ, ಈಗ ಸರಿಯಾಯ್ತು. ಮುಂದುವರಿಸಿ ಮೇಡಂ. ಹಿಂದೆ ಏನೋ ಹರಿಯೋ ಸದ್ದು?"

"ಏನಿಲ್ಲ ಮೇಡಂ" ಎಂದಳು ಸೊಸೆ. "ಮನೆ ತೊಳೀತಿದ್ದಾರೆ."

ಐದೂವರೆವರೆಗೆ ಪಾಠ ಒಂದು ಕ್ಷಣವೂ ನಿಲ್ಲಲಿಲ್ಲ. ನಾವು ಒದ್ದೆ ಮೆಟ್ಟಿಲ ಮೇಲೆ ನಿಂತೇ ಭಿನ್ನರಾಶಿ ಕಲಿತೆವು. ಸೊಸೆ ಹೊರಗೆ ಬಂದಾಗ ಮಾವ ಚಿಂದಿಯಿಂದ ನೆಲ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದರು.

"ಮಾವ, ಮುಂದಿನ ವರ್ಷದ ವೇಳಾಪಟ್ಟಿ ಕಳಿಸ್ತೀನಿ ಅಂದರು ಮೇಡಂ."

ಅವರು ತಲೆಯಾಡಿಸಿದರು. ಹಿಂಡುವುದನ್ನು ನಿಲ್ಲಿಸಲಿಲ್ಲ.

"ನಾಳೆ ನಮ್ಮ ಸರದಿ?" ಎಂದು ಇಸ್ತ್ರಿಯವನು ಕೆಳಗಿನಿಂದ ಕೇಳಿದ.

"ಇರುತ್ತೆ. ಬಕೆಟ್ ತರಬೇಡ."

ಸೊಸೆಗೆ ಗಂಟಲು ಒಣಗಿತ್ತು. ಮನೆಯಲ್ಲಿ ಹಿಡಿದಿಟ್ಟ ನೀರು ಒಂದು ಲೋಟವೂ ಉಳಿದಿರಲಿಲ್ಲ. ಮಾವ ಲೋಟ ಹಿಡಿದು ಅಡುಗೆಮನೆಯ ನಲ್ಲಿಯ ಮುಂದೆ ನಿಂತರು. ನಲ್ಲಿಯ ಮೇಲೆ ಕೈಯಿಟ್ಟು, ತಿರುಗಿಸದೆ, ಕಿವಿಗೊಟ್ಟು ಕೇಳಿದರು. ಆಮೇಲೆ ತಿರುಗಿಸಿದರು. ನೀರು ಬಂತು. ಲೋಟ ತುಂಬಿ ಕೈಮೇಲೆ ಹರಿಯುವವರೆಗೂ ಅದನ್ನೇ ನೋಡುತ್ತಿದ್ದು, ನಲ್ಲಿ ಬಿಗಿಯಾಗಿ ಮುಚ್ಚಿ, ಲೋಟವನ್ನು ಸೊಸೆಗೆ ಕೊಟ್ಟರು.

"ಮೂರೂವರೆ ಸುತ್ತು ಬಿಟ್ಟಿದ್ದಾನೆ" ಎಂದರು. "ನಾನಾಗಿದ್ದರೆ ಈ ಬೀದಿಗೆ ನಾಲ್ಕು ಬಿಡ್ತಿದ್ದೆ."