ಮೂರು ತಂತಿಯ ಬಾಗಿಲು ಕಾಯುವ ಆದಿಲಕ್ಷ್ಮಮ್ಮ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಹೊರವಲಯದ ಈ ಸೀರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರು ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದಾರೆ. ಆಫೀಸು ಕಟ್ಟಡದ ಮೆಟ್ಟಿಲ ಕೆಳಗೆ, ಒಂದು ಕಾಲಕ್ಕೆ ಪೊರಕೆ ಬಕೆಟ್ಟು ಇಡುತ್ತಿದ್ದ ಗೂಡಿನಂಥ ಕೋಣೆಯಲ್ಲಿ ಆದಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಿದ್ದಾರೆ. ಮುಂದೆ ಒಂದು ಓಬೀರಾಯನ ಕಾಲದ 386 ಕಂಪ್ಯೂಟರು. ಅದರ ಬೆನ್ನಿಗೆ ಮೂರು ತಂತಿ: ಒಂದು ಆಫೀಸಿನಿಂದ ಬಂದದ್ದು, ಒಂದು ಮಗ್ಗದ ಶೆಡ್ಡಿಗೆ ಹೋಗುವುದು, ಮೂರನೆಯದು ಟೆಲಿಫೋನ್ ಹಾದಿಯಲ್ಲಿ ಹೊರಲೋಕಕ್ಕೆ. ಈ ಮೂರರ ನಡುವೆ ಏನೇ ಓಡಾಡಿದರೂ ಈ ಯಂತ್ರದ ಅಪ್ಪಣೆ ಬೇಕು. ಯಂತ್ರಕ್ಕೆ ಅಪ್ಪಣೆ ಬರೆದುಕೊಡುವವರು ಆದಿಲಕ್ಷ್ಮಮ್ಮ.

ಇವತ್ತು ತಿಂಗಳ ಕೊನೆಯ ದಿನ. ನಾಳೆ ಒಂದನೇ ತಾರೀಖು ಬೆಂಗಳೂರಿನ ಕಂಪನಿಯೊಂದು ಈ ಕಾವಲನ್ನು ತಾನೇ ಮಾಡುವ, ಮೊಹರು ಹಾಕಿದ ಹೊಸ ಪೆಟ್ಟಿಗೆ ತಂದು ಇಲ್ಲಿ ಕೂರಿಸಲಿದೆ. ಆಮೇಲೆ ಇವರು ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಸೀರೆಯ ಡಬ್ಬಕ್ಕೆ ಚೀಟಿ ಅಂಟಿಸಬೇಕು. ಅದನ್ನು ಇವರ ಹತ್ತಿರ ಯಾರೂ ಕೇಳಿಲ್ಲ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಜನರಲ್ ಮ್ಯಾನೇಜರರ ಕೈಕಾಲು ಹಿಡಿದು ಇವರು ಗಿಟ್ಟಿಸಿಕೊಂಡಿರುವುದು ಈ ಒಂದು ಬೆಳಗ್ಗೆ ಮಾತ್ರ. ಎಂಟಕ್ಕೆ ಆಫೀಸು ತುಂಬುವುದರೊಳಗೆ ಹಳೆಯ ಅಪ್ಪಣೆ ಪಟ್ಟಿ ಕಿತ್ತು ಹೊಸದು ಹಾಕಬೇಕು. ಹತ್ತು ಗಂಟೆಯ ಗದ್ದಲವನ್ನು ಅದು ತಾಳಿಕೊಂಡರೆ ಇವರೂ ಉಳಿದರು, ಇಲ್ಲವಾದರೆ ಅಂಟಿನ ಡಬ್ಬ.

"ನಲವತ್ತೊಂದು ವರ್ಷ ವಯಸ್ಸು ನನಗೆ. ಚೀಟಿ ಅಂಟಿಸೋಕೆ ನಾಚಿಕೆ ಇಲ್ಲ, ಅದೂ ಕೆಲಸಾನೇ. ಆದ್ರೆ ಗೊತ್ತಿರೋ ಕೆಲಸ ಬಿಡಿಸಿ ಬೇರೆ ಕಡೆ ಕಳಿಸ್ತಾರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ ಕೀಲಿಮಣೆಯಿಂದ ಕಣ್ಣೆತ್ತದೆ.

ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ಗಂಡ ಪಿಳ್ಳಪ್ಪ ಮನೆಯಲ್ಲೇ ಎರಡು ಮಗ್ಗ ಓಡಿಸುತ್ತಾರೆ. 1987ರಲ್ಲಿ ಟೈಪಿಂಗ್ ಪಾಸಾಗಿ ಇಲ್ಲಿಗೆ ತಂತಿಯಲ್ಲಿ ಸಂದೇಶ ಕಳಿಸುವ ಟೆಲೆಕ್ಸ್ ಯಂತ್ರ ನಡೆಸಲು ಬಂದ ಆದಿಲಕ್ಷ್ಮಮ್ಮ, ಅದರ ಕಾಗದದ ಪಟ್ಟಿಯ ಐದು ತೂತಿನ ಸಾಲನ್ನು ಬೆರಳಲ್ಲಿ ಸವರಿಯೇ ಯಾವ ಅಕ್ಷರವೆಂದು ಹೇಳುತ್ತಿದ್ದರಂತೆ. ಫ್ಯಾಕ್ಸ್ ಬಂತು, ಟೆಲೆಕ್ಸ್ ಮೂಲೆ ಸೇರಿತು. ಕಂಪ್ಯೂಟರು ಬಂತು, ಇವರು ಪತ್ರ ಟೈಪು ಮಾಡುವವರಾದರು. ಕಳೆದ ವರ್ಷ ಕಂಪ್ಯೂಟರ್ ಎಂಜಿನಿಯರ್ ಒಂದು ದಿನದ ನೋಟಿಸು ಕೊಟ್ಟು ಬಿಟ್ಟುಹೋದಾಗ, ಈ ಬಾಗಿಲ ಯಂತ್ರದ ಪಾಸ್‌ವರ್ಡ್ ಗೊತ್ತಿದ್ದವರು ಇವರೊಬ್ಬರೇ. ಪತ್ರ ಟೈಪು ಮಾಡಿಸುವಾಗ ಅವನೇ ಬರೆಸಿದ್ದ. ಅದೇ ಇವರ ನೇಮಕಾತಿ, ಅದೇ ತರಬೇತಿ.

ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಇವರಿಗೆ ಸಿಕ್ಕದ್ದು ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ. ಅದರೊಳಗಿನ ಐಪಿಚೈನ್ಸ್ ಎಂಬ ಕಾವಲುಗಾರನನ್ನು ಈ ಬೇಸಗೆಯಲ್ಲಿ ಇವರೇ ಕೂರಿಸಿದರು. ಅವನ ಕೆಲಸ ಸರಳ. ತಂತಿಯ ಮೇಲೆ ಪತ್ರವೋ ಚಿತ್ರವೋ ಇಡಿಯಾಗಿ ಹೋಗುವುದಿಲ್ಲ, ಸಾವಿರಾರು ತುಣುಕಾಗಿ ಹೋಗುತ್ತದೆ. ಪ್ರತಿ ತುಣುಕಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ, ಅಂದರೆ ಕಂಪ್ಯೂಟರಿನ ನಂಬರು ಇರುತ್ತದೆ. ಕಾವಲುಗಾರ ಒಂದೊಂದು ತುಣುಕನ್ನೂ ಹಿಡಿದು ಪಟ್ಟಿಯ ಮೊದಲ ಸಾಲಿನಿಂದ ಓದುತ್ತ ಹೋಗುತ್ತಾನೆ; ವಿಳಾಸ ಎಲ್ಲಿ ತಾಳೆಯಾಗುತ್ತದೋ ಅಲ್ಲಿ ಬರೆದ ಹಾಗೆ ಒಳಗೆ ಬಿಡುತ್ತಾನೆ ಇಲ್ಲವೇ ಎಸೆಯುತ್ತಾನೆ. ಅಂದಮೇಲೆ ಪಟ್ಟಿ ಚಿಕ್ಕದಿರಬೇಕು, ಹೆಚ್ಚು ಓಡಾಡುವವರ ಸಾಲು ಮೇಲಿರಬೇಕು. ಇಷ್ಟು ತಿಳಿಯಲು ಯಾರೂ ಎಂಜಿನಿಯರಾಗಬೇಕಿಲ್ಲ.

ಆದರೆ ಇಲ್ಲಿನ ದೊಡ್ಡವರಿಗೆ ತಿಳಿಯಲಿಲ್ಲ. ಪಟ್ಟಿ ಮುದ್ರಿಸಿ ಸಹಿಗೆ ಕಳಿಸಬೇಕೆಂದು ಅಪ್ಪಣೆಯಾಯಿತು. ಸಹಿಯಾಗಿ ಬಂದಾಗ ಸಾಲುಗಳು ಲಗ್ನಪತ್ರಿಕೆಯ ಹೆಸರುಗಳಂತೆ ಹಿರಿತನದ ಪ್ರಕಾರ ತಿದ್ದಿಕೊಂಡು ಬಂದಿದ್ದವು. ಮೊದಲು ಎಂ.ಡಿ., ಆಮೇಲೆ ಜನರಲ್ ಮ್ಯಾನೇಜರ್, ಆಮೇಲೆ ಹತ್ತಾರು ಮ್ಯಾನೇಜರುಗಳು. ಅರವತ್ತೊಂದು ಕಂಪ್ಯೂಟರಿಗೆ ತಲಾ ಐದು ಸಾಲಿನಂತೆ, ಚಿಲ್ಲರೆ ಸೇರಿ ಮುನ್ನೂರ ಹನ್ನೆರಡು ಸಾಲು. ಸೀರೆಯ ಚಿತ್ತಾರ ಬರೆಯುವ ಡಿಸೈನ್ ಕೋಣೆಯ ಮಕ್ಕಳು ಎಲ್ಲರಿಗಿಂತ ಕೊನೆಗೆ.

ದಿನದ ಲೆಕ್ಕ ಏನು ಹೇಳುತ್ತದೆ ನೋಡಿ. ಯಾವ ಸಾಲಿಗೆ ಎಷ್ಟು ತುಣುಕು ತಾಳೆಯಾಯಿತೆಂದು ಯಂತ್ರವೇ ಎಣಿಸಿಡುತ್ತದೆ. ಆದಿಲಕ್ಷ್ಮಮ್ಮ ದಿನಾ ಬೆಳಗ್ಗೆ ಅದನ್ನು ನೋಟುಬುಕ್ಕಿಗೆ ಇಳಿಸುತ್ತಾರೆ. ನಿನ್ನೆ ಓಡಾಡಿದ್ದು ಎರಡು ಲಕ್ಷದ ಅರವತ್ತು ಸಾವಿರ ತುಣುಕು. ಅದರಲ್ಲಿ ಎರಡು ಲಕ್ಷದ ಹದಿನೆಂಟು ಸಾವಿರ ಡಿಸೈನ್ ಕೋಣೆಯಿಂದ ಶೆಡ್ಡಿಗೆ ಹೋದದ್ದು. ಎಂ.ಡಿ.ಯವರ ಐದು ಸಾಲಿನ ಮುಂದೆ ಸೊನ್ನೆ. ಅವರ ಕಂಪ್ಯೂಟರಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ತೆಗೆದಿಲ್ಲ.

ಒಂದು ಸೆರಗಿನ ಚಿತ್ರಕ್ಕೆ ಹದಿನಾಲ್ಕು ಸಾವಿರ ತುಣುಕು. ಡಿಸೈನ್‌ನವರ ಸಾಲು ಮುನ್ನೂರ ಒಂದನೆಯದು. ಒಂದು ಸೆರಗು ದಾಟಿಸಲು ಆ ಬಡಪಾಯಿ ಯಂತ್ರ ನಲವತ್ತೆರಡು ಲಕ್ಷ ಸಲ "ಇದಲ್ಲ, ಇದಲ್ಲ" ಅನ್ನಬೇಕು. ಹತ್ತು ಗಂಟೆಗೆ ಎಲ್ಲರೂ ಇಮೇಲ್ ತೆರೆದರೆಂದರೆ ಅದಕ್ಕೆ ಏದುಸಿರು. ಶೆಡ್ಡಿನಲ್ಲಿ ಆ ಚಿತ್ರ ನೋಡಿ ಜಕಾರ್ಡ್ ಕಾರ್ಡಿಗೆ, ಅಂದರೆ ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟಿಗೆ, ತೂತು ಹೊಡೆಯುವ ಯಂತ್ರವಿದೆ. ತಂತಿಯಲ್ಲಿ ಎರಡು ಸೆಕೆಂಡು ಏನೂ ಬರದಿದ್ದರೆ ಅದು ಅರ್ಧಕ್ಕೇ ಕೈಬಿಡುತ್ತದೆ. ಕಾರ್ಡು ಹಾಳು, ಮತ್ತೆ ಮೊದಲಿನಿಂದ.

"ದಿನಕ್ಕೆ ಮೂರು ಸಲ ನಾಕು ಸಲ ಕಿತ್ಕೊಂಡು ಹೋಯ್ತಿತ್ತು. ಮೇಲ್ನೋರು ನನ್ನ ಬೈಯೋರು, ನಾನು ಅಕ್ಕನ್ನ ಬೈಯ್ತಿದ್ದೆ. ಅಕ್ಕ ಯಾರ್ನ ಬೈಬೇಕು?" ಎನ್ನುತ್ತಾರೆ ಕಾರ್ಡ್ ಯಂತ್ರದ ಮುನಿರಾಮಯ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಪಟ್ಟಿ ತಿದ್ದಿದವರನ್ನು ಬಿಟ್ಟು ಪಟ್ಟಿ ಟೈಪು ಮಾಡಿದವರ ತಲೆಗೆ ಎಲ್ಲವೂ ಬಂತು. ಹೊಸ ಪೆಟ್ಟಿಗೆಯ ತೀರ್ಮಾನವಾದದ್ದು ಹಾಗೆ.

ಪಟ್ಟಿ ಚಿಕ್ಕದು ಮಾಡುವ ಉಪಾಯ ಇವರಿಗೆ ಗೊತ್ತಿತ್ತು. ಒಂದೊಂದು ವಿಭಾಗಕ್ಕೂ ಸಾಲಾಗಿ ಮೂವತ್ತೆರಡು ನಂಬರು ಕೊಟ್ಟರೆ, ಆ ಇಡೀ ಕಟ್ಟನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಅದಕ್ಕೆ ಮಾಸ್ಕ್ ಎನ್ನುತ್ತಾರೆ. "ಪುಸ್ತಕದಲ್ಲಿ ಮೂರು ದಿನ ಓದಿದ್ರೂ ತಲೆಗೆ ಹತ್ತಲಿಲ್ಲ. ಆಮೇಲೆ ಮನೇಲಿ ನಮ್ಮೆಜಮಾನ್ರ ಜಕಾರ್ಡ್ ಕಾರ್ಡು ಕೈಗೆ ಸಿಕ್ತು. ತೂತಿರೋ ಕಡೆ ನೋಡು, ಇಲ್ದಿರೋ ಕಡೆ ನೋಡ್ಬೇಡ. ಮಾಸ್ಕ್ ಅಂದ್ರೆ ಅಷ್ಟೇಯ. ಇಷ್ಟಕ್ಕೆ ಇಪ್ಪತ್ತು ಪುಟ ಯಾಕ್ ಬರೀತಾರೋ!"

ಅಡ್ಡ ಬಂದದ್ದು ಸಂಖ್ಯಾಶಾಸ್ತ್ರ. ಅಕೌಂಟ್ಸ್ ಮುಖ್ಯಸ್ಥ ಹನುಮಂತರಾಯಪ್ಪನವರು ಅದೃಷ್ಟದ ಸಂಖ್ಯೆಯೆಂದು ತಮ್ಮ ಕಂಪ್ಯೂಟರಿಗೆ ಒಂಬತ್ತನೇ ನಂಬರನ್ನೇ ಕೇಳಿ ಪಡೆದಿದ್ದರು. ಅದನ್ನು ನೋಡಿ ಒಬ್ಬರಿಗೆ ಐದು ಬೇಕಾಯಿತು, ಇನ್ನೊಬ್ಬರಿಗೆ ತಮ್ಮ ಸ್ಕೂಟರಿನ ನೂರ ಹದಿನೇಳು, ಮತ್ತೊಬ್ಬರಿಗೆ ಮಗಳು ಹುಟ್ಟಿದ ತಾರೀಖು. ಎಂಟು ಶನಿಯ ಸಂಖ್ಯೆಯೆಂದು, ಅಂಕಿ ಕೂಡಿದರೆ ಎಂಟಾಗುವ ಯಾವ ನಂಬರನ್ನೂ ಯಾರೂ ಮುಟ್ಟಲಿಲ್ಲ. ಉಳಿದ ಎಂಟು, ಹದಿನೇಳು, ಇಪ್ಪತ್ತಾರು, ಮೂವತ್ತೈದು ಎಲ್ಲ ಕೇಳುವವರಿಲ್ಲದ ಡಿಸೈನ್ ಕೋಣೆಗೆ ಹೋದವು. ಹೀಗೆ ಕಾರ್ಖಾನೆಯ ತುಂಬ ನಂಬರುಗಳು ಚೆಲ್ಲಾಪಿಲ್ಲಿ. ಕಟ್ಟು ಕಟ್ಟುವುದೆಲ್ಲಿಂದ ಬಂತು?

ಕಳೆದ ಎರಡು ವಾರ ಆದಿಲಕ್ಷ್ಮಮ್ಮ ಮೇಜಿನಿಂದ ಮೇಜಿಗೆ ಚೀಟಿ ಹಿಡಿದು ಅಲೆದಿದ್ದಾರೆ. ವಾದ ಮಾಡಿ ಗಂಟಲು ಕಟ್ಟಿತು. ಕೊನೆಗೆ ವಾದ ಬಿಟ್ಟು ಲೆಕ್ಕ ಹಾಕಿದರು. ಯಾವ ಕಟ್ಟು ತೆಗೆದುಕೊಂಡರೂ ಕೂಡಿದರೆ ಒಂಬತ್ತಾಗುವ ನಂಬರು ಮೂರಾದರೂ ಸಿಗುತ್ತವೆ!

"ಸಾರ್, ನಿಮ್ಮ ವಿಭಾಗಕ್ಕೆ ಅರವತ್ನಾಲ್ಕರಿಂದ ತೊಂಬತ್ತೈದು. ಎಪ್ಪತ್ತೆರಡು ತಗೊಳ್ಳಿ. ಏಳೂ ಎರಡೂ ಒಂಬತ್ತು," ಎಂದು ಹನುಮಂತರಾಯಪ್ಪನವರ ಮುಂದೆ ಚೀಟಿ ಇಟ್ಟರು.

"ನೋಡಮ್ಮ, ಅದ್ರಲ್ಲಿ ಒಂಬತ್ತು ಕಾಣೋದೇ ಇಲ್ವಲ್ಲ."

"ಎಂಬತ್ತೊಂದು ಕೊಡ್ಲಾ ಸಾರ್?"

"ಎಂಟು ಇದೆ ಅದ್ರಲ್ಲಿ! ಬೆಳಬೆಳಗ್ಗೆ ಏನಮ್ಮ ನೀನು!"

"ತೊಂಬತ್ತು?"

ಅವರು ಮೂರು ದಿನ ಯೋಚಿಸಿ, ಯಾರನ್ನೋ ಕೇಳಿ, ಅಮಾವಾಸ್ಯೆ ಕಳೆದ ಮೇಲೆ ತೊಂಬತ್ತಕ್ಕೆ ಒಪ್ಪಿದರು. ಉಳಿದವರೂ ಹಾಗೇ ಒಬ್ಬೊಬ್ಬರಾಗಿ ದಾರಿಗೆ ಬಂದರು. ಪಟ್ಟಿ ಬರೆಯುವುದಕ್ಕಿಂತ ಈ ಕೆಲಸವೇ ಹೆಚ್ಚು ಹಣ್ಣು ಮಾಡಿತು ಎನ್ನುತ್ತಾರೆ ಆದಿಲಕ್ಷ್ಮಮ್ಮ, ತಲೆ ಚಚ್ಚಿಕೊಳ್ಳುತ್ತ.

ಈಗ ಆರೂ ಕಾಲು. ಹೊಸ ಪಟ್ಟಿ ಇಪ್ಪತ್ತೇಳೇ ಸಾಲು. ಮೊದಲು ತುಣುಕು ಯಾವ ತಂತಿಯದೆಂದು ನೋಡುವುದು, ಆಮೇಲೆ ಆ ತಂತಿಗೆ ಸೇರಿದ ನಾಲ್ಕೈದು ಸಾಲನ್ನು ಮಾತ್ರ ಓದುವುದು. ಹೊರಲೋಕದ ಸಾಲುಗಳ ಗೊಡವೆ ಶೆಡ್ಡಿಗೆ ಹೋಗುವ ತುಣುಕಿಗೆ ಯಾಕೆ? ಎಲ್ಲಕ್ಕಿಂತ ಮೇಲೆ ಡಿಸೈನ್ ಕೋಣೆಯ ಕಟ್ಟು. ಆದಿಲಕ್ಷ್ಮಮ್ಮ ಹಳೆಯದನ್ನು ಅಳಿಸಿ ಹೊಸದನ್ನು ಓಡಿಸುತ್ತಾರೆ. ಡಿಸೈನ್ ಕೋಣೆಗೆ ಓಡಿಹೋಗಿ ಪರೀಕ್ಷೆಗೊಂದು ಸೆರಗು ಕಳಿಸಿ ಬರುತ್ತಾರೆ. ಗೋಡೆಯ ಇಂಟರ್‌ಕಾಮ್ ಬಡಿದುಕೊಳ್ಳುತ್ತದೆ.

"ಅಕ್ಕ, ಏನೂ ಬರ್ಲಿಲ್ಲ," ಅತ್ತ ಕಡೆಯಿಂದ ಮುನಿರಾಮಯ್ಯ.

"ಒಂಚೂರೂ ಇಲ್ವಾ?"

"ಮೊದ್ಲು ಅರ್ಧನಾದ್ರೂ ಬರ್ತಿತ್ತು ಕಣಕ್ಕ. ಈಗ ಅದೂ ಇಲ್ಲ."

ಇವರು ಮತ್ತೆ ಪರದೆಯ ಮುಂದೆ ಕೂರುತ್ತಾರೆ. ಆರೂಮುಕ್ಕಾಲು, ಏಳು. ಬೆರಳು ಪರದೆಯ ಮೇಲೆ ಸಾಲುಸಾಲಾಗಿ ಇಳಿಯುತ್ತದೆ. ಹೊರಗೆ ಬೆಳಗಿನ ಪಾಳಿಯವರ ಮಗ್ಗಗಳು ಶುರುವಾಗಿವೆ. ಮುದ್ರಿಸಿಕೊಂಡ ಕೈಪಿಡಿಯ ಹಾಳೆಗಳನ್ನು ನೆಲದ ಮೇಲೆ ಹರಡಿ ಮಂಡಿಯೂರುತ್ತಾರೆ. ಏಳೂ ಇಪ್ಪತ್ತಕ್ಕೆ ಹಣೆ ಗಟ್ಟಿಸಿಕೊಳ್ಳುತ್ತಾರೆ. ತಂತಿ ಯಾವುದೆಂದು ಹೇಳುವ ಗುರುತು ಎಲ್ಲ ಪಟ್ಟಿಗೂ ಒಂದೇ. ಆದರೆ ಒಳಬರುವ ಪಟ್ಟಿಯಲ್ಲಿ ಅದಕ್ಕೆ ಬಂದ ಬಾಗಿಲು ಎಂದು ಅರ್ಥ, ದಾಟಿಸುವ ಪಟ್ಟಿಯಲ್ಲಿ ಹೋಗುವ ಬಾಗಿಲು ಎಂದು. ಇವರು ಎರಡೂ ಕಡೆ ಬಂದ ಬಾಗಿಲನ್ನೇ ಬರೆದಿದ್ದಾರೆ.

"ಇದನ್ನ ಮಾಡಿದ ಪುಣ್ಯಾತ್ಮ ಸಿಕ್ಕಿದ್ರೆ ಕೇಳ್ತೀನಿ. ಒಂದೇ ಗುರುತಿಗೆ ಒಂದ್ಕಡೆ ಬಾ ಅಂತ, ಇನ್ನೊಂದ್ಕಡೆ ಹೋಗು ಅಂತ ಇಟ್ಟಿದ್ದೀಯಲ್ಲಪ್ಪಾ, ಮನೇಲಿ ಹೆಂಗೆ ಮಾತಾಡ್ತೀಯಾ ಅಂತ!"

ಒಂದು ಗುರುತು ತಿದ್ದುತ್ತಾರೆ. ಮತ್ತೆ ಓಟ, ಮತ್ತೆ ಸೆರಗು. ಈ ಸಲ ಇಂಟರ್‌ಕಾಮ್‌ನಲ್ಲಿ ಮಾತಿಲ್ಲ. ಮುನಿರಾಮಯ್ಯ ರಿಸೀವರನ್ನು ತಮ್ಮ ಯಂತ್ರದ ಹತ್ತಿರ ಹಿಡಿದಿದ್ದಾರೆ. ಟಕಟಕ ಟಕಟಕ ಎಂದು ತೂತು ಬೀಳುವ ಸದ್ದು ತಡೆಯಿಲ್ಲದೆ ಕೇಳುತ್ತಲೇ ಇದೆ. ಆದಿಲಕ್ಷ್ಮಮ್ಮ ಈ ಕಡೆಯ ರಿಸೀವರನ್ನು ಕೊನೆಯವರೆಗೂ ಕಿವಿಗೆ ಒತ್ತಿಕೊಂಡು ನಿಲ್ಲುತ್ತಾರೆ, ಕಣ್ಣು ಒದ್ದೆಯಾದದ್ದನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

ಹತ್ತು ಗಂಟೆಗೆ ಅರವತ್ತು ಮಂದಿ ಇಮೇಲ್ ತೆರೆದರು. ಡಿಸೈನ್ ಕೋಣೆ ಒಂದರ ಹಿಂದೊಂದು ಐದು ಸೆರಗು ಕಳಿಸಿತು. ಒಂದು ಕಾರ್ಡೂ ಹಾಳಾಗಲಿಲ್ಲ. ಮಧ್ಯಾಹ್ನ ಜನರಲ್ ಮ್ಯಾನೇಜರರು ಬೆಂಗಳೂರಿಗೆ ಫೋನು ಮಾಡಿ ಪೆಟ್ಟಿಗೆ ಬೇಡವೆಂದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಎಲ್ಲ ವಿಭಾಗದವರನ್ನೂ ಸೇರಿಸಿ ಜನರಲ್ ಮ್ಯಾನೇಜರರು ಹೊಸ ಪಟ್ಟಿ ಎಷ್ಟು ಸಾಲಿನದೆಂದು ಕೇಳಿದರು. ಇಪ್ಪತ್ತೇಳು ಎಂದರು ಆದಿಲಕ್ಷ್ಮಮ್ಮ. ಹನುಮಂತರಾಯಪ್ಪನವರು ಮೇಜು ಕುಟ್ಟಿ, "ಎರಡೂ ಏಳೂ ಒಂಬತ್ತು! ನಾನು ಮೊದಲಿಂದ ಬಡ್ಕೋತಾ ಇರ್ಲಿಲ್ವಾ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಹನುಮಂತರಾಯಪ್ಪನವರಿಗೆ. ಮರುದಿನ ನೋಟಿಸ್ ಬೋರ್ಡಿನಲ್ಲಿ ಅವರ ಸಲಹೆಗೆ ವಂದನೆ ಸಲ್ಲಿಸಿದ ಸುತ್ತೋಲೆಯೂ ಬಂತು. ಅದನ್ನು ಟೈಪು ಮಾಡಿದವರು ಯಾರೆಂದು ಹೇಳಬೇಕಾಗಿಲ್ಲ.

ಬೇಜಾರಿಲ್ಲವೇ ಎಂದರೆ ಇವರು ರೇಗುತ್ತಾರೆ. "ಇಲ್ದೆ ಏನು? ಮೈಯೆಲ್ಲ ಉರಿಯುತ್ತೆ. ಆದ್ರೆ ಕೆಲಸ ನನ್ನ ಕೈಲೇ ಉಳೀತು. ಇನ್ನು ಇದನ್ನ ಯಾರೂ ಕೆಡಿಸದೇ ಇದ್ರೆ ಸಾಕು."

ಕೆಡಿಸದಿರಲು ಒಂದು ವ್ಯವಸ್ಥೆಯನ್ನೂ ಮಾಡಿದ್ದಾರೆ. ಪಟ್ಟಿಯಲ್ಲಿ ಒಂದು ಗೀಟುಗುರುತು ಹಾಕಿ ಬರೆದ ಸಾಲನ್ನು ಯಂತ್ರ ಓದುವುದಿಲ್ಲ. ಅದು ಮುಂದೆ ಬರುವ ಮನುಷ್ಯರಿಗೆ. ಪರದೆಯಲ್ಲಿ ಕನ್ನಡ ಮೂಡದ ಕಾರಣ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು, ಎಲ್ಲಕ್ಕಿಂತ ಮೇಲೆ, ಎಂ.ಡಿ. ಇರುತ್ತಿದ್ದ ಜಾಗದಲ್ಲಿ ಇಟ್ಟಿದ್ದಾರೆ: "ಈ ಸಾಲುಗಳನ್ನು ಹಿಂದೆ ಮುಂದೆ ಮಾಡಬೇಡಿ. ಇದು ಹಿರಿತನ ನೋಡಿ ಬರೆದದ್ದಲ್ಲ, ಕೆಲಸ ನೋಡಿ ಬರೆದದ್ದು. ಇಂತಿ, ಆದಿಲಕ್ಷ್ಮಮ್ಮ."