ಮಗಳಿಗಾಗಿ ನಿಲ್ಲಿಸಿದ ಮಗ್ಗ

ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮು, ಒಬ್ಬಳೇ ಮಗಳು. ಕೂಸಿದ್ದಾಗ ಅವಳಿಗೆ ಜೋಗುಳ ಬೇಕಿರಲಿಲ್ಲ. ಮಗ್ಗದ ಸದ್ದಿಗೇ ನಿದ್ದೆ ಹೋಗುತ್ತಿದ್ದಳು, ಕರೆಂಟು ಹೋದರೆ ಎದ್ದು ಅಳುತ್ತಿದ್ದಳು. ಅದೇ ಮಹಾರಾಣಿ ಹತ್ತನೇ ಇಯತ್ತೆಗೆ ಬಂದಾಗ, "ಅಪ್ಪಾ, ಈ ಸಪ್ಪಳದಾಗ ಓದಾಕ ಆಗೂದಿಲ್ರಿ" ಅಂದಳು.

ತ್ಯಾಗಮೂರ್ತಿಯಾದ ನಾನು ಪರೀಕ್ಷೆಯ ಹಿಂದಿನ ವಾರ ಒಂದು ಮಧ್ಯಾಹ್ನ ನಾಲ್ಕೂ ಮಗ್ಗ ಬಂದ್ ಮಾಡಿ, ಓಣಿಯೆಲ್ಲ ನೋಡಲಿ ಎಂದು ಕಟ್ಟೆಯ ಮೇಲೆ ಕೂತೆ. ಹೆಂಡತಿಯೂ ಬಂದು ಕೂತಳು. ಮಗ್ಗದ ಸದ್ದನ್ನು ಮೀರಿ ಕೂಗಿಯೇ ಸಂಸಾರ ಮಾಡಿದವರು ನಾವು. ಮೆಲ್ಲಗೆ ಮಾತಾಡುವ ವಿದ್ಯೆ ಇಬ್ಬರಿಗೂ ಬರುವುದಿಲ್ಲ.

"ಪುಸ್ತಕ ಎದಿ ಮ್ಯಾಲ ಇಟ್ಕೊಂಡು ಮಲಗಿರ್ತಾಳ ನೋಡ!" ಎಂದೆ.

"ಥೇಟ್ ನಿಮ್ಮಂಗ. ಮೂರು ಸಲ ಮ್ಯಾಟ್ರಿಕ್ ಫೇಲಾದವರ ಮಗಳಲ್ಲೇನ್ರಿ" ಎಂದಳು ಹೆಂಡತಿ.

ಎದುರು ಮನೆಯವರು ನಕ್ಕರು. ಒಳಗಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಾ, ಮಗ್ಗ ಚಾಲೂ ಮಾಡ್ರಿ. ಆ ಸಪ್ಪಳ ಇದ್ರ ನಿಮ್ಮಿಬ್ಬರ ಮಾತರ ಕೇಳಸೂದಿಲ್ಲ."

ಮಾಡಿದೆ. ಅವಳು ಪಾಸಾದಳು. ಮಗಳ ಓದಿಗಾಗಿ ನಾಲ್ಕು ಮಗ್ಗ ನಿಲ್ಲಿಸಿದ ಕತೆಯನ್ನು ಮನೆಗೆ ಬಂದವರಿಗೆಲ್ಲ ಈಗಲೂ ಹೇಳುತ್ತೇನೆ. ಎಷ್ಟು ಹೊತ್ತು ಎಂದು ಈವರೆಗೆ ಯಾರೂ ಕೇಳಿಲ್ಲ.