ಸೋಮನೂರಿನಿಂದ ಸೇತುವಿಗೆ ಹೋದ ಗಂಗೆ

ಪಾಂಬನ್ ಜಲಸಂಧಿಯ ಮೇಲಿನ ರಸ್ತೆ ಸೇತುವೆ ವಾಹನಗಳಿಗೆ ತೆರೆದದ್ದು 1988ರ ಅಕ್ಟೋಬರ್ 2ರಂದು, ಭಾನುವಾರ. ಆಧಾರ: ಕೋಯಮತ್ತೂರಿನ ಗ್ರಂಥಾಲಯವೊಂದರಲ್ಲಿರುವ ಆ ವಾರದ ತಮಿಳು ಪತ್ರಿಕೆಗಳ ಕಟ್ಟು. ವಾರವನ್ನು ಆ ವರ್ಷದ ಪಂಚಾಂಗದೊಡನೆ ಮತ್ತೊಮ್ಮೆ ಹೋಲಿಸಿದ್ದೇನೆ. ಅದಕ್ಕೆ ಮೊದಲು ಒಳನಾಡಿನಿಂದ ರಾಮೇಶ್ವರ ದ್ವೀಪವನ್ನು ಸೇರಲು ರೈಲೇ ಗತಿಯಾಗಿತ್ತು. ಬಸ್ಸಿನಲ್ಲಿ ಬಂದವರೂ ಈಚೆ ದಡದ ಮಂಡಪಂನಲ್ಲಿ ಇಳಿದು ರೈಲು ಹತ್ತಬೇಕಿತ್ತು. ರಾಮನಾಥಪುರ ಜಿಲ್ಲೆಯ ಭೂಗೋಳ, ಆಡಳಿತ ಮತ್ತು ದೇವಾಲಯಗಳನ್ನು ಕುರಿತು ನಾನು ಸಿದ್ಧಪಡಿಸಿದ ವಿವರಣೆಯಲ್ಲಿ ಈ ತಾರೀಖು ಒಂದು ಅಡಿಟಿಪ್ಪಣಿಯಾಗಿ ಕೊನೆಯ ಗಳಿಗೆಯಲ್ಲಿ ಸೇರಿತು. ಆಗ ಅದು ನನ್ನನ್ನು ಕಾಡಿರಲಿಲ್ಲ. ಈಗ ಕಾಡುತ್ತಿದೆ.

ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲ ಜಿಲ್ಲೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಕೋಯಮತ್ತೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನಾನು ನೌಕರ. ಮಳೆ ಕಡಮೆಯ ಆ ಜಿಲ್ಲೆಯ ಕೆರೆಗಳು, ತಾಳೆಯ ಸಾಲುಗಳು, ಉಪ್ಪಿನ ಪಾತಿಗಳು, ದೇವಿಪಟ್ಟಣದಲ್ಲಿ ಸಮುದ್ರದೊಳಗೆ ನಿಂತ ಒಂಬತ್ತು ಕಲ್ಲುಗಳು, ರಾಮೇಶ್ವರದ ಪ್ರಾಕಾರಗಳು ಎಲ್ಲವೂ ಸುಮಾರಾಗಿ ಹಾಳೆಗೆ ಇಳಿದಿದ್ದವು. ಅಷ್ಟರಲ್ಲಿ, 1985ರ ಮಾರ್ಚ್ ತಿಂಗಳಲ್ಲಿ, ಆ ಜಿಲ್ಲೆ ಮೂರಾಯಿತು. ದೇವಾಲಯಗಳು ಇದ್ದಲ್ಲಿಯೇ ಇದ್ದವು. ಅವುಗಳ ಜಿಲ್ಲೆಗಳು ಬೇರೆಯಾದವು. ಬರೆದುದನ್ನೆಲ್ಲ ತಾಲ್ಲೂಕು ತಾಲ್ಲೂಕಾಗಿ ಬಿಡಿಸಿ ಮತ್ತೆ ಜೋಡಿಸಬೇಕಾಯಿತು. ನಮ್ಮ ಕೋಯಮತ್ತೂರು ಜಿಲ್ಲೆಯೂ ಕೆಲವು ವರ್ಷಗಳ ಹಿಂದೆಯಷ್ಟೇ ಈರೋಡಿನ ಕಡೆಯ ತಾಲ್ಲೂಕುಗಳನ್ನು ಬಿಟ್ಟುಕೊಟ್ಟಿತ್ತು. ತಿರುಪ್ಪೂರು ಆಗಿನ್ನೂ ನಮ್ಮ ಜಿಲ್ಲೆಯ ಒಂದು ಊರು. ಅದರ ಹೆಸರಿನ ಜಿಲ್ಲೆ ಹುಟ್ಟಲು ಇನ್ನೂ ಬಹಳ ಕಾಲವಿತ್ತು. ಗಡಿಗಳ ಬಗ್ಗೆ ಆ ದಿನಗಳಲ್ಲಿ ಹುಟ್ಟಿದ ದಣಿವು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಮನೆ ಕೋಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ. ಪೀಳಿಗೆಗಳಿಂದ ನೇಯ್ದುಕೊಂಡೇ ಬಂದ ಕನ್ನಡದ ಮನೆತನ ನಮ್ಮದು. ಮನೆಯೊಳಗೆ ಕನ್ನಡ, ಹೊಸ್ತಿಲ ಆಚೆ ತಮಿಳು. ಕನ್ನಡ ಅಕ್ಷರವನ್ನು ಮನೆಯಲ್ಲಿ ಯಾರೂ ಅರಿಯರು. ನಾನಾದರೂ ಶಾಸನಗಳನ್ನು ಓದುವ ಸಲುವಾಗಿ ಇಪ್ಪತ್ತು ದಾಟಿದ ಮೇಲೆ ಕಲಿತವನು. ಅಪ್ಪನ ಕೈಮಗ್ಗದ ಗುಳಿಯನ್ನು ಮುಚ್ಚಿ, ಹಿತ್ತಿಲಲ್ಲಿ ಶೆಡ್ ಹಾಕಿ, ಅಣ್ಣ ವಿದ್ಯುತ್ ಮಗ್ಗಗಳನ್ನು, ಮನೆಮಾತಿನಲ್ಲಿ ತರಿಗಳನ್ನು, ನಡೆಸುತ್ತಿದ್ದ. ಮಗ್ಗ ಓಡುವಾಗ ಮನೆಯಲ್ಲಿ ಮಾತು ಕೇಳಿಸದು. ಏನಾದರೂ ತೀರ್ಮಾನವಾಗಬೇಕಾದರೆ ಕರೆಂಟು ಹೋಗಬೇಕು. ಆ ವರ್ಷಗಳಲ್ಲಿ ಅದಕ್ಕೇನೂ ಕೊರತೆಯಿರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಸೇತುವಿಗೆ, ಎಂದರೆ ರಾಮೇಶ್ವರಕ್ಕೆ ಹೋಗಿ, ಅಲ್ಲಿನ ಕಡಲ ಮರಳನ್ನು ಕಟ್ಟಿಕೊಂಡು ಕಾಶಿಗೆ ಹೊರಟಿದ್ದರು. ಆ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಕಾಶಿಯಿಂದ ಗಂಗೆಯನ್ನು ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು. ಅಲ್ಲಿಗೆ ಯಾತ್ರೆ ಮುಗಿದಂತೆ. ಗಂಗೆಯೇನೋ ಸೋಮನೂರಿನವರೆಗೆ ಬಂತು. ಮತ್ತೆ ಸೇತುವಿಗೆ ಹೊರಡುವ ಮೊದಲೇ ಅಪ್ಪ ತೀರಿಕೊಂಡರು. ಅದು 1986ರ ಐಪ್ಪಸಿ, ಎಂದರೆ ಅಕ್ಟೋಬರ್-ನವೆಂಬರಿನಲ್ಲಿ ಬರುವ ತಮಿಳು ತಿಂಗಳು. ಅವರ ತಿಥಿಯನ್ನು ಇಂದಿಗೂ ಆಚರಿಸುವುದರಿಂದ ಇದರಲ್ಲಿ ಅನುಮಾನವಿಲ್ಲ. ಸಾವಾದ ಮನೆಯವರು ವರ್ಷ ತುಂಬುವವರೆಗೆ ಯಾತ್ರೆ ಹೋಗುವಂತಿಲ್ಲ. ಹೀಗಾಗಿ ಬಾಯಿಗೆ ಸೀಸ ಬೆಸೆದ ಆ ತಾಮ್ರದ ತಂಬಿಗೆ, ನೆಲ ತಾಗಬಾರದೆಂದು, ನೂಲಿನ ಹಗ್ಗದ ನೆಲುವಿನಲ್ಲಿ ದೇವರ ಕೋಣೆಯ ತೊಲೆಗೆ ತೂಗಿತು.

ಆ ಕೋಣೆಯ ಗೋಡೆಯ ಆಚೆಯೇ ಶೆಡ್. ಮಗ್ಗಗಳು ಓಡಿದಷ್ಟು ಹೊತ್ತು ತಂಬಿಗೆ ಸಣ್ಣಗೆ ನಡುಗುತ್ತಿತ್ತು. ಅಮ್ಮನಿಗೆ ಅದೇ ಚಿಂತೆ. ಕರೆಂಟು ಹೋದೊಡನೆ ಅವಳು ಒಳಗೆ ಹೋಗಿ, ತಂಬಿಗೆಯನ್ನು ಮೆಲ್ಲನೆ ಅಲುಗಿಸಿ ಒಳಗಿನ ನೀರಿನ ಸದ್ದಿಗೆ ಕಿವಿಗೊಡುವಳು.

"ಶತ್ತ ಕಮ್ಮಿ ಆಗ್ಯದೆ," ಎಂದಳು ಒಮ್ಮೆ. "ನೀರು ಇಳೀತಾ ಅದೆ."

"ಸೀಸ ಹಾಕಿ ಮುಚ್ಚಿರೋದು ಹೆಂಗಮ್ಮಾ ಇಳೀತದೆ?" ಅಣ್ಣ ಎಣ್ಣೆಗೈ ಒರೆಸಿಕೊಳ್ಳುತ್ತ ಕೇಳಿದ.

"ನಿನ್ನ ತರಿ ಅಲುಗ್ಸೋ ಅಲುಗ್ಸಾಟಕ್ಕೆ ನನ್ನ ಹಲ್ಲೇ ಇಳ್ದೋಯ್ತು. ಸೀಸ ನಿಂತದಾ?"

ಅಣ್ಣ ನಕ್ಕ. ಅವಳು ನಗಲಿಲ್ಲ. ಮೊಣಕಾಲು ಊದಿಕೊಂಡು ಅವಳು ನಡೆಯುವುದೇ ಕಷ್ಟವಾಗತೊಡಗಿತ್ತು. ವರ್ಷದ ತಿಥಿ ಮುಗಿದಿತ್ತು. ತಂಬಿಗೆ ತಲುಪುವ ಮೊದಲು ತಾನು ಮಲಗಿಬಿಟ್ಟರೆ ಗಂಡನ ಯಾತ್ರೆ ಸೋಮನೂರಿನಲ್ಲೇ ನಿಂತುಹೋಗುತ್ತದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳದಿದ್ದರೂ ನಮಗೆ ತಿಳಿದಿತ್ತು.

ಅಣ್ಣನ ಲೆಕ್ಕಾಚಾರ ಸರಳವಾಗಿತ್ತು. "ಇವ್ನು ಹೆಂಗೂ ಅಲ್ಲಿಗೆ ಹೋಯ್ತಾನೇ ಇರ್ತಾನೆ," ಎಂದು ನನ್ನನ್ನು ತೋರಿಸಿದ. "ಮುಂದಿನ ತಡವೆ ಹೋಗೋವಾಗ ತಕೊಂಡೋಗಿ ಉಯ್ದುಬುಟ್ಟು ಬರ್ಲಿ. ನೀನ್ಯಾಕೆ ಕಾಲು ನೋಯ್ಸ್ಕೊಂಡು ಅಷ್ಟು ದೂರ?"

ಅಮ್ಮ ನನ್ನನ್ನು ನೋಡದೆ ಉತ್ತರ ಕೊಟ್ಟಳು. "ಅವ್ನು ಹೋಗೋದು ಆಪೀಸು ವೇಲೆಗೆ. ರೈಲು ವಂಡಿ ಟಿಕೇಟು ಆಪೀಸಿಂದು. ಅಪ್ಪಾರ ಗಂಗೆ ಆಪೀಸು ಟಿಕೇಟಲ್ಲಿ ಹೋದ್ರೆ ಪುಣ್ಯನೂ ಆಪೀಸಿಗೇ ಹೋಯ್ತದೆ."

"ಹಂಗಾದ್ರೆ ಅವ್ರ ಮೇನೇಜರ್ ಮೋಕ್ಷಕ್ಕೆ ಹೋಯ್ತಾರೆ, ಬುಡು," ಎಂದ ಅಣ್ಣ.

"ನಗ್ಬೇಡ. ಯಾತ್ರೆ ಅಂದ್ರೆ ಮನೆ ಬಾಗಿಲಲ್ಲಿ ಕಾಯಿ ಒಡ್ದು ಹೊರಡ್ಬೇಕು. ಇವ್ನು ಪೈ ತೂಗಾಕ್ಕೊಂಡು ಹೊರಡ್ತಾನೆ."

ಪೈ ಎಂದರೆ ನನ್ನ ಚೀಲ. ಅದರಲ್ಲಿ ಅಳತೆಪಟ್ಟಿ, ಶಾಸನದ ಪಡಿಯಚ್ಚಿನ ಕಾಗದ ಮತ್ತು ಟಿಪ್ಪಣಿಯ ಹಾಳೆಗಳು ಇರುತ್ತಿದ್ದವು. ನಾನು ಸ್ವಂತ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಅವಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದೆ. ಅವಳು ಒಂದು ಷರತ್ತು ಹಾಕಿದಳು.

"ಆ ಪೈ ಬರ್ಬಾರ್ದು. ಕೋಯಿಲಲ್ಲಿ ನಿಂತು ಕಲ್ಲು ಓದ್ಬಾರ್ದು. ಅಯ್ಯರ್ ಹತ್ರ ಇದು ಯಾವ ವರುಷದ್ದು, ಅದು ಯಾರು ಕಟ್ಟಿದ್ದು ಅಂತ ಕೇಳ್ಬಾರ್ದು. ನೀನು ನನ್ನ ಮಗನಾಗಿ ಬಾ. ಇಲ್ಲಾಂದ್ರೆ ಬರ್ಬೇಡ."

"ಶರಿಮ್ಮಾ," ಎಂದೆ. ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಒಟ್ಟಿಗೆ ಬಡಿಯತೊಡಗಿದವು, ಮಾತು ಅಲ್ಲಿಗೆ ಮುಗಿಯಿತು.

ಆದ್ದರಿಂದ ಆ ಕರಾವಳಿಗೆ ನಾನು ಮಾಡಿದ ಪ್ರಯಾಣಗಳಲ್ಲಿ ಟಿಪ್ಪಣಿಯಿಲ್ಲದ್ದು ಇದೊಂದೇ. ಉಳಿದವುಗಳ ರೈಲಿನ ವೇಳೆ, ಮಳೆ, ತಂಗಿದ ಛತ್ರ ಎಲ್ಲವನ್ನೂ ಹೇಳಬಲ್ಲೆ. ಇದಕ್ಕೆ ನೆನಪೇ ಆಧಾರ. ನೆನಪಿನಲ್ಲಿ ಇರುವುದು ಇಷ್ಟು.

ಹೊಸ್ತಿಲ ಮುಂದೆ ಅಣ್ಣ ಕಾಯಿ ಒಡೆದ. ಶೆಡ್ಡನ್ನು ಅವನೇ ನಿಲ್ಲಿಸಿದ್ದ. ಕರೆಂಟು ಇದ್ದೂ ಮನೆ ಮೌನವಾಗಿದ್ದದ್ದು ವಿಚಿತ್ರವೆನಿಸಿತು. ಅಮ್ಮ ನೆಲುವಿನಿಂದ ತಂಬಿಗೆಯನ್ನು ಇಳಿಸಿ ಸೆರಗಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಅದನ್ನು ಎಲ್ಲಿಯೂ ಇಡುವಂತಿರಲಿಲ್ಲ. ಅವಳ ಕೈ ಸೋತಾಗ ನಾನು ಹಿಡಿದೆ, ನನ್ನ ಕೈ ಸೋತಾಗ ಅವಳು. ಕೋಯಮತ್ತೂರಿನ ಆಚೆ ಕಿಣತ್ತುಕಡವು ದಾಟುವಾಗ ತೋಟಗಳ ಮೇಲೆ ಸಂಜೆ ಇಳಿಯುತ್ತಿದ್ದುದು ನೆನಪಿದೆ. ಆದರೆ ಅದನ್ನು ನೋಡಿದ್ದು ರೈಲಿನ ಕಿಟಕಿಯಿಂದಲೋ ಬಸ್ಸಿನದರಿಂದಲೋ ಎಂದು ಪ್ರಮಾಣ ಮಾಡಿ ಹೇಳಲಾರೆ. ಎರಡರಲ್ಲಿಯೂ ಆ ದಾರಿಯಲ್ಲಿ ಎಷ್ಟೋ ಬಾರಿ ಓಡಾಡಿದ್ದೇನೆ.

ಪಾಂಬನ್ ಮಾತ್ರ ಸ್ಪಷ್ಟ. ನಾವು ಬಸ್ಸಿನಲ್ಲಿ, ಎತ್ತರದ ಹೊಸ ಸೇತುವೆಯ ಮೇಲೆ ಇದ್ದೆವು. ಎರಡೂ ಕಡೆ ಕಡಲು. ಪಕ್ಕದಲ್ಲಿ, ಬಹಳ ಕೆಳಗೆ, ಹಳೆಯ ರೈಲು ಸೇತುವೆಯ ಮೇಲೆ ಒಂದು ರೈಲು ತೆವಳುತ್ತಿತ್ತು. ಗಾಳಿಗೆ ಅಮ್ಮನ ಸೆರಗು ಹಾರಿ ತಂಬಿಗೆಯ ತಾಮ್ರ ಕಂಡಿತು. ಅವಳು ಕಿಟಕಿಯಿಂದ ಬಗ್ಗಿ ನೋಡಿ ಹೇಳಿದಳು:

"ಪಾರಪ್ಪಾ, ಅಲ್ನೋಡು, ಆ ವಂಡೀಲಿ ನಿಮ್ಮಪ್ಪಾರು ಬತ್ತಾವ್ರೆ. ಎಲ್ಲಿಗೋದ್ರೂ ಅವ್ರೇ ಮುಂದೆ, ನಾನು ಹಿಂದೆ. ಇವತ್ತು ನಾನೇ ಮುಂದೆ ಸೇರ್ತೀನಿ."

ಗರ್ಭಗುಡಿಯ ಎದುರು ಸೀಸ ಕಿತ್ತಾಗ ತಂಬಿಗೆಯಲ್ಲಿ ನೀರು ಕಂಠದವರೆಗೆ ಇತ್ತು. ಅರ್ಚಕರು ಅದನ್ನು ಒಳಗೆ ಒಯ್ದು ಲಿಂಗದ ಮೇಲೆ ಸುರಿಯುವುದನ್ನು ಅವಳು ಕಂಬಕ್ಕೆ ಒರಗಿ ಕೊನೆಯ ಹನಿಯವರೆಗೂ ನೋಡಿದಳು. ಆಮೇಲೆ ಖಾಲಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಇನ್ನ ಕೆಳಗೆ ಇಡ್ಬೋದು," ಎಂದಳು. ಎಷ್ಟೋ ಶಾಸನಗಳಿದ್ದ ಆ ಪ್ರಾಕಾರದಲ್ಲಿ ನಾನು ಒಂದನ್ನೂ ಓದದೆ ಹೊರಗೆ ಬಂದೆ.

ಇದನ್ನು ಮನೆಯಲ್ಲಿ ನಾನು ಅನೇಕ ಬಾರಿ ಹೇಳಿದ್ದೇನೆ. ಅಮ್ಮನ ತಿಥಿಯ ದಿನ ಊಟಕ್ಕೆ ಕುಳಿತಾಗ ಸೇತುವೆಯ ಮೇಲಿನ ಆ ಮಾತನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಣ್ಣ ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಿದ್ದ.

ಅಣ್ಣ ತೀರಿಹೋದ ಮೇಲೆ ಶೆಡ್ಡಿನ ಮಗ್ಗಗಳು ಹಳೆಯ ಕಬ್ಬಿಣಕ್ಕೆ ಹೋದವು. ದೇವರ ಕೋಣೆಗೆ ಸುಣ್ಣ ಬಳಿಸುವಾಗ ಅತ್ತಿಗೆ ಒಂದು ವಿಭೂತಿಯ ಪೊಟ್ಟಣವನ್ನು ತಂದು ನನ್ನ ಕೈಗಿಟ್ಟರು. "ಅತ್ತೆ ರಾಮೇಶ್ವರದಿಂದ ತಂದಿದ್ದು, ನೀವೇ ಇಟ್ಕೊಳ್ಳಿ," ಎಂದರು. ವಿಭೂತಿಯನ್ನು ಕಟ್ಟಿದ್ದ ಕಾಗದ ಗಂಗಾಭಿಷೇಕದ ರಸೀದಿಯಾಗಿತ್ತು. ದಿನದ ಅಂಕಿ ಮಾಸಿಹೋಗಿದೆ. ತಿಂಗಳು ಫೆಬ್ರವರಿ, ವರ್ಷ 1988. ಇವೆರಡನ್ನು ಭೂತಗನ್ನಡಿಯಲ್ಲಿಯೂ ನೋಡಿದ್ದೇನೆ, ಅನುಮಾನಕ್ಕೆ ಎಡೆಯಿಲ್ಲ. ನನ್ನ ಸೇವಾ ಪುಸ್ತಕದ ನಕಲನ್ನು ತೆಗೆದು ನೋಡಿದೆ. ಗಳಿಕೆ ರಜೆಯೂ ಅದೇ ತಿಂಗಳಿನದು. ಅಮ್ಮ ತೀರಿಕೊಂಡದ್ದು ಅದೇ ವರ್ಷದ ಆಡಿಯಲ್ಲಿ, ಎಂದರೆ ಜುಲೈ-ಆಗಸ್ಟಿನಲ್ಲಿ, ಸೇತುವೆ ತೆರೆಯುವ ಮೊದಲು.

ಆ ಫೆಬ್ರವರಿಯಲ್ಲಿ ಅವಳು ಕಡಲು ದಾಟಿದ್ದು ರೈಲಿನಲ್ಲಿಯೇ ಇರಬೇಕು. ಪಕ್ಕದಲ್ಲಿ ಮುಗಿಯದ ಸೇತುವೆಯ ಕಂಬಗಳನ್ನು ಅವಳು ನೋಡಿರಬಹುದು, ಏನನ್ನೋ ಹೇಳಿರಲೂಬಹುದು. ಬಸ್ಸಿನಲ್ಲಿ ಆ ಸೇತುವೆಯನ್ನು ನಾನು ಮೊದಲು ದಾಟಿದ್ದು ಮರುವರ್ಷ, ಕಚೇರಿಯ ಕೆಲಸದ ಮೇಲೆ, ಒಬ್ಬನೇ. ಆ ಪ್ರಯಾಣದ ಟಿಪ್ಪಣಿ ನನ್ನಲ್ಲಿದೆ. ಕೆಳಗೆ ರೈಲು ಹೋಗುತ್ತಿತ್ತು ಎಂದು ಅದರಲ್ಲಿ ಬರೆದಿದ್ದೇನೆ. ಯಾರ ಮಾತೂ ಅದರಲ್ಲಿ ಇಲ್ಲ.

ಗಂಗೆ ತಲುಪಿತು, ಅಪ್ಪನ ಯಾತ್ರೆ ಮುಗಿಯಿತು ಎಂಬುದಕ್ಕೆ ಈ ರಸೀದಿಯಲ್ಲದೆ ಬೇರೆ ದಾಖಲೆ ನನ್ನಲ್ಲಿಲ್ಲ. ಅದನ್ನು ಒಪ್ಪಿದರೆ ಸೇತುವೆಯ ಮೇಲೆ ಅಮ್ಮ ಆಡಿದ ಮಾತನ್ನು ಬಿಟ್ಟುಕೊಡಬೇಕು. ರಸೀದಿಯನ್ನು ಒಪ್ಪಿದ್ದೇನೆ. ಬರುವ ಆಡಿಯಲ್ಲಿ ತಿಥಿಯ ಊಟಕ್ಕೆ ಕುಳಿತವರು ಕೇಳಿದರೆ ಏನು ಹೇಳಬೇಕೆಂದು ಇನ್ನೂ ತೋಚಿಲ್ಲ.